ಪಾಯದ ಗುಂಡಿಗೆ ಇಳಿಯುತ್ತಿದ್ದ ಜಯಶೀಲಾ ಮೇಡಂ

ಬಸವೇಶ್ವರನಗರದಲ್ಲಿ ಯಾರಾದರೂ ಹಳೇ ಮನೆ ಕೆಡವಿ ಹೊಸದಕ್ಕೆ ಪಾಯ ತೋಡಿಸಿದರೆಂದರೆ, ಪೂಜೆ ಮಾಡುವ ಭಟ್ಟರಿಗಿಂತ ಮೊದಲು ಆ ಗುಂಡಿಗೆ ಇಳಿಯುತ್ತಿದ್ದವರು ಜಯಶೀಲಾ ಮೇಡಂ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲೊಂದು ಹಳೇ ತರಕಾರಿ ಚಾಕು ಹಿಡಿದು, ಏಣಿ ತರುವವರೆಗೂ ಕಾಯದೆ ದಡಬಡ ಇಳಿದುಬಿಡುವರು. ಆಗಲೇ ವಯಸ್ಸು ಅರವತ್ತು ದಾಟಿತ್ತು. ಮೇಲೆ ನಿಂತ ಮೇಸ್ತ್ರಿ, "ಅಮ್ಮಾ, ಮಣ್ಣು ಕುಸಿದ್ರೆ ನನ್ ತಲೆಗೆ ಬರುತ್ತೆ, ಮೇಲೆ ಬನ್ರಮ್ಮಾ" ಎಂದು ಬಾಯಿ ಬಡಿದುಕೊಂಡರೆ ಕೆಳಗಿನಿಂದ ಉತ್ತರ ಬರುತ್ತಿತ್ತು. "ಕುಸಿಯಲ್ಲ ಕಣಪ್ಪಾ, ಇದು ಗಟ್ಟಿ ಗರಸು. ನೀನು ಕಾಂಕ್ರೀಟ್ ಸುರಿದ ಮೇಲೆ ಇದನ್ನ ಯಾರೂ ನೋಡೋ ಹಾಗಿಲ್ಲ. ಅರ್ಧ ಗಂಟೆ ಸುಮ್ನಿರು."

ಮೇಸ್ತ್ರಿ ಸುಮ್ಮನಿರುತ್ತಿದ್ದ. ಅವರು ಗುಂಡಿಯ ಗೋಡೆಯನ್ನು ಚಾಕುವಿನಿಂದ ಮೆಲ್ಲಗೆ ಕೆರೆದು, ಮೇಲಿನ ಪದರ ಎಷ್ಟು ದಪ್ಪ, ಅದರ ಕೆಳಗಿನದು ಯಾವ ಬಣ್ಣ, ಕಲ್ಲು ಎಲ್ಲಿಂದ ಶುರು ಎಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೊಂದು ಪದರದಿಂದಲೂ ಒಂದು ಹಿಡಿ ಮಣ್ಣು ಚೀಲಕ್ಕೆ ಹೋಗುತ್ತಿತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿದವರು ಅವರು. ಬೆಂಗಳೂರಿನ ಪಡುವಣ ಭಾಗದ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೊರಟಾಗ ಅವರ ಮಾರ್ಗದರ್ಶಕರು, "ಊರೊಳಗೆ ಮಣ್ಣೆಲ್ಲಿದೆಯಮ್ಮಾ, ಎಲ್ಲಾ ಟಾರು" ಎಂದು ನಕ್ಕರಂತೆ. "ಟಾರೇನು ಗಾಳೀಲಿ ಹಾಕಿದ್ದಾರಾ ಸಾರ್? ಅದರ ಕೆಳಗೇನಿದೆ?" ಎಂದು ಕೇಳಿ ಎದ್ದು ಬಂದವರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಡಾಕ್ಟರೇಟ್ ಬರಲಿಲ್ಲ. ಸಂಶೋಧನೆಯನ್ನು ಮಾತ್ರ ಬಿಡಲಿಲ್ಲ.

ನನಗೆ ಅವರ ಪರಿಚಯವಾದದ್ದು ನನ್ನ ತಪ್ಪಿನಿಂದ. ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪಿದೆ. ಒಂದು ದಿನ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದುಕೊಂಡು ಬಂದು, ಮಣ್ಣಿಗೆ ಇಳಿಸುವ ಬೈರಿಗೆ ಬೇಕೆಂದರು. ನಾನು ಬಡಗಿಗಳ ಬೈರಿಗೆಯ ಹಾಗೆಯೇ, ಆದರೆ ಆಳೆತ್ತರದ್ದು ಮಾಡಿ, ಸುರುಳಿಯ ಅಂಚನ್ನು ಚೂಪಾಗಿ ಸಾಣೆ ಹಿಡಿದು ಕೊಟ್ಟೆ. ನನಗೇ ಹೆಮ್ಮೆಯಾಗುವಂಥ ಕೆಲಸ. ಎರಡೇ ದಿನಕ್ಕೆ ವಾಪಸ್ ತಂದು ಬೆಂಚಿನ ಮೇಲೆ ದಬ್ಬೆಂದು ಇಟ್ಟರು.

"ಏನ್ರೀ ಇದು, ಮಣ್ಣನ್ನ ಚಟ್ನಿ ಮಾಡಿಕೊಡುತ್ತೆ!"

"ತೂತು ನೀಟಾಗಿ ಬೀಳ್ತಿಲ್ವಾ ಮೇಡಂ?"

"ತೂತು ಯಾರಿಗೆ ಬೇಕ್ರೀ? ತೂತು ಇಟ್ಕೊಂಡು ನಾನೇನ್ ಮಾಡ್ಲಿ? ಅದರೊಳಗಿಂದ ಬರೋ ಮಣ್ಣು ಬೇಕು. ಮೇಲಿಂದು ಮೇಲೆ, ಕೆಳಗಿಂದು ಕೆಳಗೆ, ಇದ್ದ ಹಾಗೇ ಬರಬೇಕು."

ಇಪ್ಪತ್ತು ವರ್ಷದಿಂದ ತೂತು ಕೊರೆದೇ ಅನ್ನ ತಿಂದವನು ನಾನು. ಒಳಗಿಂದ ಬಂದದ್ದನ್ನು ಕೇಳಿದ ಗಿರಾಕಿ ಅವರೊಬ್ಬರೇ. ಕಬ್ಬಿಣದ ಪೈಪನ್ನು ಉದ್ದಕ್ಕೆ ಅರ್ಧ ಸೀಳಿ, ತುದಿಗೆ ಉಕ್ಕಿನ ಬಾಯಿ ಕೂರಿಸಿ, ಮೇಲೊಂದು ಅಡ್ಡ ಹಿಡಿ ಬೆಸೆದು ಮೂರನೇ ಸಲ ಕೊಟ್ಟಾಗ ಒಪ್ಪಿದರು. ಅದು ನೆಲಕ್ಕೆ ಹೇಗೆ ಇಳಿಯುತ್ತದೆ ನೋಡೋಣವೆಂದು ಒಂದು ಭಾನುವಾರ ಜೊತೆಗೆ ಹೋದವನು ಆಮೇಲೆ ಬಹುಪಾಲು ಭಾನುವಾರ ಅವರ ಸ್ಕೂಟರಿನ ಹಿಂದೆ ಆ ಬೈರಿಗೆ ಹೆಗಲಿಗಿಟ್ಟುಕೊಂಡು ಕೂತಿರುತ್ತಿದ್ದೆ. ನನ್ನ ಹೆಂಡತಿ, "ಊರೋರೆಲ್ಲಾ ಭಾನುವಾರ ಮಟನ್ ಅಂಗ್ಡಿಗೆ ಹೋಗ್ತಾರೆ, ನಮ್ಮೋರು ಮಣ್ಣು ತರೋಕ್ ಹೋಗ್ತಾರೆ" ಎನ್ನುತ್ತಿದ್ದಳು.

ಪಾಠ ಮಾಡುವ ಚಟ ಅವರಿಗೆ ಹೋಗಿರಲಿಲ್ಲ. ಒಂದು ಚಿಟಿಕೆ ಮಣ್ಣಿಗೆ ನೀರು ಚಿಮುಕಿಸಿ ನನ್ನ ಅಂಗೈಗೆ ಹಾಕಿ, "ಹೊಸೆ, ಕೋಡುಬಳೆ ಮಾಡು" ಎನ್ನುವರು. ಬಿರುಕು ಬಿಡದೆ ಬಳೆಯಾದರೆ ಜೇಡಿ, ಸುತ್ತುವಾಗ ಒಡೆದರೆ ಮರಳು ಹೆಚ್ಚು. ಬಾಪೂಜಿ ನಗರದ ಅವರ ಎರಡು ಕೋಣೆಯ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಮಣ್ಣಿನ ಬಾಟಲಿಗಳ ಸಾಲು. ಒಂದೊಂದರ ಮೇಲೂ ಬೀದಿಯ ಹೆಸರು, ಆಳ, ಬಣ್ಣ. ಮದುವೆ ಯಾಕಾಗಲಿಲ್ಲವೆಂದು ಕೇಳಿದವರಿಗೆ "ಬಿಡುವಾಗಲಿಲ್ಲ" ಎಂದಷ್ಟೇ ಹೇಳುತ್ತಿದ್ದರು. "ಭೂಗೋಳ ಅಂದ್ರೆ ರಾಜಧಾನಿಗಳ ಹೆಸರು ಬಾಯಿಪಾಠ ಮಾಡೋದಲ್ವಾ ಮೇಡಂ?" ಎಂದು ನಾನೊಮ್ಮೆ ತಮಾಷೆ ಮಾಡಿದೆ. ಕೆಂಗೇರಿಯಿಂದ ಬಾಪೂಜಿ ನಗರದವರೆಗೆ ಮಾತಾಡಲಿಲ್ಲ ಪುಣ್ಯಾತ್ಗಿತ್ತಿ.

ಕೆಂಗೇರಿ ದಾಟಿದರೆ ಒಂದು ಗುಡ್ಡ ಸಿಗುತ್ತದೆ. ಬಂದರೆ ಗಿಡ, ಕಾರೆ, ತಂಗಡಿ ಬೆಳೆದ ಕುರುಚಲು ಕಾಡು. ಅದರ ತಪ್ಪಲಿನ ಸಣ್ಣ ಬಡಾವಣೆಯಲ್ಲಿ ನಾನು ಸಾಲಸೋಲ ಮಾಡಿ ಮನೆ ಕಟ್ಟಿದ್ದೆ. ಗುಡ್ಡವನ್ನೂ ಅದರ ಬುಡದ ಒಂದು ಬೀಳುಬಿದ್ದ ಹೊಲವನ್ನೂ ಸೇರಿಸಿ ಲೇಔಟ್ ಮಾಡಲು ಒಂದು ಕಂಪನಿ ಅರ್ಜಿ ಹಾಕಿತು. ಗುಡ್ಡ ಬರೀ ಬಂಜರು, ಕಾಡಲ್ಲವೇ ಅಲ್ಲ ಎಂದು ಅವರ ವರದಿ. ಅನುಮತಿ ಬರುವ ಮೊದಲೇ ಗುಡ್ಡದ ಮೇಲಕ್ಕೊಂದು ರಸ್ತೆ ಸೀಳಿದ್ದರು. ಆ ವರ್ಷದ ಮೊದಲ ದೊಡ್ಡ ಮಳೆಗೆ ಕೆಂಪು ನೀರು ನಮ್ಮ ಮನೆಯೊಳಗೆ ಮಂಡಿಯುದ್ದ ನಿಂತಿತು. ಮಗಳ ಪುಸ್ತಕಗಳೆಲ್ಲ ನೆಂದು ಮುದ್ದೆಯಾದವು. ಒಂದು ರಸ್ತೆಗೇ ಹೀಗಾದರೆ ಇಡೀ ಗುಡ್ಡ ಬೋಳಿಸಿದ ಮೇಲೆ ನಾವು ಬದುಕಿದ ಹಾಗೇ. ನಿವಾಸಿಗಳ ಸಂಘದ ಅಧ್ಯಕ್ಷ ರುದ್ರೇಶ್ ತಕರಾರು ಸಲ್ಲಿಸಿದರು. ಅಧಿಕಾರಿಗಳು ಅಹವಾಲು ಸಭೆ ಇಡುತ್ತೇವೆ ಎಂದರು. ನಮ್ಮ ಪರವಾಗಿ ಗುಡ್ಡದ ಮಣ್ಣು ಪರೀಕ್ಷೆ ಮಾಡಿಕೊಡಿ ಎಂದು ನಾನೇ ಮೇಡಂ ಅವರನ್ನು ಕರೆತಂದೆ. "ಯಾರ ಪರವಾಗಿಯೂ ಮಾಡಲ್ಲ. ಮಾಡ್ತೀನಿ ಅಷ್ಟೇ" ಎಂದರು.

ಎರಡು ತಿಂಗಳು ಗುಡ್ಡ ಹತ್ತಿ ಇಳಿದೆವು. ಒಂದು ಬೆಳಿಗ್ಗೆ ಕಂಪನಿಯ ಇಂಜಿನಿಯರ್ ಬಂದು, "ಇಲ್ಲೇನಿದೆ ಮೇಡಂ, ಪೊದೆ. ಸುಮ್ನೆ ಬಿಸಿಲಲ್ಲಿ ಯಾಕೆ ಒದ್ದಾಡ್ತೀರಾ?" ಎಂದ. ಮೇಡಂ ಚೀಲದಿಂದ ಎರಡು ನೀರಿನ ಬಾಟಲಿ ತೆಗೆದರು. ಒಂದನ್ನು ಕಾರೆ ಪೊದೆಯ ಬುಡದಲ್ಲಿ ಬಗ್ಗಿಸಿದರು. ತರಗೆಲೆಯ ಕೆಳಗೆ ಬೆರಳು ದಪ್ಪದ ಕಪ್ಪು ಮಣ್ಣು ಆ ನೀರನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿತು. ಇನ್ನೊಂದನ್ನು ಕಂಪನಿಯವರು ಸೀಳಿದ್ದ ರಸ್ತೆಯ ಮೇಲೆ ಸುರಿದರು. ನೀರು ಒಂದು ಹನಿಯೂ ಇಂಗದೆ ಸೀದಾ ಹರಿದು ಇಂಜಿನಿಯರನ ಬೂಟಿನೊಳಗೆ ಹೋಯಿತು. "ಇದು ನಿಮ್ಮ ಲೇಔಟು. ಅದು ನಮ್ಮ ಪೊದೆ. ವರದೀಲಿ ಎರಡೂ ಬರ್ಕೊಳ್ಳಿ" ಎಂದರು. ಅವನು ಕಾಲು ಒದರುತ್ತಾ ಇಳಿದು ಹೋದ. ನಾನು ನಕ್ಕು ನಕ್ಕು ಸುಸ್ತಾದೆ.

ಆಮೇಲೆ ಕೆಳಗಿನ ಹೊಲ. ಬೈರಿಗೆ ಇಳಿಸಿದರೆ ಒಂದು ಮೊಳ ಕಪ್ಪು ಜೇಡಿ ಬಂತು, ಅದರಲ್ಲಿ ಸಣ್ಣ ಸಣ್ಣ ಬಸವನಹುಳದ ಚಿಪ್ಪು. ಮೇಡಂ ಆ ಚಿಪ್ಪನ್ನು ಬಿಸಿಲಿಗೆ ಹಿಡಿದು, "ಕೆರೆ ಕಣೋ ನಾಗರಾಜ! ಇದು ನೀರಲ್ಲಿರೋ ಹುಳ. ಇಲ್ಲೊಂದು ಕೆರೆ ಇತ್ತು" ಎಂದು ಚಿಕ್ಕ ಹುಡುಗಿಯ ಹಾಗೆ ಕುಣಿದರು. ಕೆರೆಯಂಗಳವಾದರೆ ಕಾನೂನಿನಂತೆ ಯಾರೂ ಕೈ ಹಚ್ಚುವ ಹಾಗಿಲ್ಲ. ಹೊಲವೂ ಉಳಿಯಿತು, ಹೊಲ ದಾಟದೆ ಮೇಲಕ್ಕೆ ದಾರಿಯಿಲ್ಲದ್ದರಿಂದ ಗುಡ್ಡವೂ ಉಳಿಯಿತು ಎಂದು ರುದ್ರೇಶ್ ಮನೆಮನೆಗೂ ಮೈಸೂರು ಪಾಕ್ ಹಂಚಿದರು. ಸಭೆಗೆ ಮುಂಚೆಯೇ ಗೆದ್ದಷ್ಟು ಸಂಭ್ರಮ.

ವಾರದ ಮೇಲೆ, ಇನ್ನೆರಡು ಗುಂಡಿ ತೆಗೆದುಬಿಡೋಣವೆಂದು ಹೋದಾಗ ಪಕ್ಕದ ಹಳೇ ಊರಿನ ಹೊನ್ನಮ್ಮ ಮೇಕೆ ಹೊಡೆದುಕೊಂಡು ಬಂದರು. ಆ ಹೊಲ ಮೊದಲು ಅವರದೇ. ಏನು ಹುಡುಕುತ್ತಿದ್ದೀರೆಂದು ಕೇಳಿದರು. ಮೇಡಂ ಕೆರೆಯ ವಿಷಯ ಹೇಳಿದರು. ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕರು.

"ಅದ್ಯಾವ ಕೆರೆ ಕಣವ್ವಾ? ನಾನ್ ಮದ್ವೆ ಆಗಿ ಬಂದಾಗ್ಲಿಂದ ಇದು ರಾಗಿ ಹೊಲ. ಬ್ಯಾಸ್ಗೆ ಬಂತು ಅಂದ್ರೆ ನಮ್ಮ ಮಾವ ಊರ ಕೆರೆಗೆ ಗಾಡಿ ಹೂಡೋರು. ಬತ್ತಿದ ಕೆರೇಲಿ ಗೋಡು ಮಣ್ಣು ತುಂಬ್ಕೊಂಬಂದು ಇಲ್ಲಿ ಸುರಿಯೋರು. ವರ್ಸ ವರ್ಸಾನೂ. ನೀವ್ ಹಿಡ್ಕಂಡಿರೋದು ನಮ್ ಮಾವನ ಬೆವರು."

ಮೇಡಂ ಬೈರಿಗೆ ಎತ್ತಿಕೊಂಡರು. ಈ ಸಲ ಕಪ್ಪು ಮಣ್ಣಿನಲ್ಲಿ ನಿಲ್ಲಿಸದೆ ಇನ್ನೂ ಕೆಳಗಿಳಿಸಿದರು. ಕಪ್ಪು ಪದರ ಕತ್ತರಿಸಿದ ಹಾಗೆ ಮುಗಿದು, ಅದರಡಿ ಒಣ ಕೆಂಪು ಮಣ್ಣು, ಗರಸು. ನೀರು ನಿಂತ ನೆಲವಾಗಿದ್ದರೆ ಅಡಿಯ ಮಣ್ಣು ಬೂದು ಬಣ್ಣಕ್ಕೆ ತಿರುಗಿರಬೇಕಿತ್ತು. ನಾಲ್ಕು ಕಡೆ ಇಳಿಸಿದರು, ನಾಲ್ಕು ಕಡೆಯೂ ಅದೇ. ಬದುವಿನ ಮೇಲೆ ಕೂತು, ಬೈರಿಗೆಯ ಬಾಯಿಗೆ ಅಂಟಿದ ಕೆಂಪು ಮಣ್ಣು ಒರೆಸುತ್ತಾ ಹೇಳಿದರು, "ಬೇಕಾದ್ದು ಸಿಕ್ಕಿದ ಕೂಡ್ಲೇ ಅಗೆಯೋದು ನಿಲ್ಲಿಸ್ಬಿಟ್ಟೆ ನೋಡು. ಮೂವತ್ತು ವರ್ಷ ಮಕ್ಕಳಿಗೆ ಏನು ಮಾಡಬೇಡಿ ಅಂದ್ನೋ ಅದನ್ನೇ ಮಾಡಿದೆ." ಆಮೇಲೆ ಹೊನ್ನಮ್ಮನ ಎರಡೂ ಕೈ ಹಿಡಿದುಕೊಂಡರು.

ಸಂಜೆ ಸಂಘದ ಕೋಣೆಯಲ್ಲಿ ರಾದ್ಧಾಂತ. ಇದನ್ನು ವರದಿಯಲ್ಲಿ ಬರೆಯುತ್ತೇನೆ ಎಂದರು ಮೇಡಂ. ರುದ್ರೇಶ್ ಕೈಮುಗಿದು, "ಕೆರೆ ಅಲ್ಲ ಅಂತ ಯಾರಿಗ್ರೀ ಗೊತ್ತಾಗುತ್ತೆ ಮೇಡಂ? ಆ ಅಜ್ಜಿ ಏನು ಸಭೆಗೆ ಬರ್ತಾರಾ?" ಎಂದರು.

"ನಂಗೆ ಗೊತ್ತಾಯ್ತಲ್ಲ."

ನನಗೋ ಮೈಯೆಲ್ಲ ಉರಿ. ಎಲ್ಲರ ಮುಂದೆ ಕೂಗಿದೆ. "ನಿಮಗೇನು ಮೇಡಂ, ಬಾಪೂಜಿ ನಗರದಲ್ಲಿ ಮೊದಲನೇ ಮಹಡೀಲಿ ಆರಾಮಾಗಿದ್ದೀರಾ. ನೀರು ನುಗ್ಗೋದು ನಮ್ಮನೆಗೆ. ನಿಮ್ಮ ಸತ್ಯ ಇಟ್ಕೊಂಡು ನಾವು ಮುಳುಗಬೇಕಾ?"

ಅವರು ನನ್ನನ್ನೇ ನೋಡಿದರು. ಕೋಪವಿರಲಿಲ್ಲ, ಹಠವಿತ್ತು. "ಗುಡ್ಡ ಬಂಜರು ಅಂತ ಅವರು ಸುಳ್ಳು ಬರೆದ್ರು ಅಂತ ತಾನೇ ನೀನು ನನ್ನ ಕರ್ಕೊಂಡು ಬಂದಿದ್ದು? ಈಗ ಹೊಲ ಕೆರೆ ಅಂತ ನಾವು ಬರೆದ್ರೆ, ಅವರಿಗೂ ನಮಗೂ ಏನೋ ವ್ಯತ್ಯಾಸ?" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ನಾನು ಬಾಗಿಲವರೆಗೂ ಹೋಗಲಿಲ್ಲ. ಸ್ಕೂಟರ್ ಶುರುವಾಗದೆ ನಾಲ್ಕೈದು ಸಲ ಒದ್ದ ಸದ್ದು ಕೇಳಿಸುತ್ತಲೇ ಇತ್ತು.

ಮೂರು ವಾರ ಕಳೆದ ಮೇಲೆ ಅವರೇ ವರ್ಕ್‌ಶಾಪಿಗೆ ಬಂದರು. ಟೈಪ್ ಮಾಡಿಸಿದ ಎಂಟು ಹಾಳೆ ಬೆಂಚಿನ ಮೇಲಿಟ್ಟು, "ಓದು. ಅರ್ಥವಾಗದ ಪದ ಇದ್ರೆ ಗುರುತು ಹಾಕು. ನಿಂಗೆ ಅರ್ಥ ಆದ್ರೆ ಅಧಿಕಾರಿಗೂ ಆಗುತ್ತೆ" ಎಂದರು. ನಾನು ಲೇತ್ ನಿಲ್ಲಿಸಲಿಲ್ಲ. "ಇಟ್ಟು ಹೋಗಿ ಮೇಡಂ, ಕೆಲಸ ಇದೆ" ಎಂದೆ. ಕೂತ್ಕೊಳ್ಳಿ ಅನ್ನಲಿಲ್ಲ, ಒಂದು ಲೋಟ ಕಾಫಿ ತರಿಸಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ನನ್ನ ಕೈಕೆಲಸ ನೋಡಿ, "ಹುಷಾರು, ಕಣ್ಣಿಗೆ ಕನ್ನಡಕ ಹಾಕ್ಕೋ" ಎಂದು ಹೋದರು. ಒಂಬತ್ತನೇ ದಿನ ಅವರ ಮನೆ ಓನರ್ ಫೋನ್ ಮಾಡಿದರು. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆಗೆಯಲಿಲ್ಲವಂತೆ. ಹೃದಯಾಘಾತ ಎಂದರು ಡಾಕ್ಟರು. ಆ ಒಂದು ಲೋಟ ಕಾಫಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಂದು ಅವರ ಸಂಸ್ಕಾರ ಮುಗಿಸಿ ಮನೆಗೆ ಬಂದು ಎಂಟೂ ಹಾಳೆ ಓದಿದೆ. ಗುರುತು ಹಾಕುವಂಥ ಪದ ಒಂದೂ ಇರಲಿಲ್ಲ.

ಅಹವಾಲು ಸಭೆ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಮೇಡಂ ಜೊತೆ ಮಣ್ಣು ತೆಗೆದವನು ನೀನೇ, ನೀನೇ ಓದು ಎಂದು ರುದ್ರೇಶ್, ಮೇಡಂ ಸಂಘಕ್ಕೂ ಕಳಿಸಿದ್ದ ವರದಿಯ ಫೈಲನ್ನು ನನ್ನ ಕೈಗೆ ಕೊಟ್ಟರು. ನೋಡಿದರೆ ಎರಡನೇ ಪುಟದ ಒಂದು ಪ್ಯಾರಾದ ಮೇಲೆ ಕಪ್ಪು ಪೆನ್ನಿನಿಂದ ಗೀಚಿದ್ದರು. "ಅದೊಂದು ಬಿಟ್ಟು ಓದಪ್ಪ. ಹೋದೋರು ಹೋದ್ರು, ನಾವು ಬದುಕಬೇಕಲ್ಲ" ಎಂದು ಪಿಸುಗುಟ್ಟಿದರು. ನಾನು ಫೈಲನ್ನು ಅವರ ಮಡಿಲಿಗೇ ಇಟ್ಟು, ಮೇಡಂ ನನಗೆ ಕೊಟ್ಟಿದ್ದ ಹಾಳೆಗಳನ್ನು ಜೇಬಿನಿಂದ ತೆಗೆದೆ. ಗಟ್ಟಿಯಾಗಿ ಓದಿದೆ.

"ಗುಡ್ಡದ ಕೆಳಗಿನ ಹೊಲ ಹಳೆಯ ಕೆರೆಯಂಗಳವೆಂದು ನಾನು ಮೊದಲು ಹೇಳಿದ್ದು ತಪ್ಪು. ಅಲ್ಲಿಯ ಕಪ್ಪು ಮಣ್ಣು ರೈತರು ಗಾಡಿಯಲ್ಲಿ ತಂದು ಹಾಕಿದ ಕೆರೆಗೋಡು. ಇದನ್ನು ತಿದ್ದಿದವರು ಆ ಹೊಲದಲ್ಲಿ ದುಡಿದ ಹೊನ್ನಮ್ಮ. ಅವಸರಪಟ್ಟವಳು ನಾನು."

ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. "ಏಯ್, ತಲೆ ಕೆಟ್ಟಿದ್ಯಾ?" ಎಂದಿತು ಇನ್ನೊಂದು ದನಿ. ಕಂಪನಿಯ ಕಡೆಯ ಕುರ್ಚಿಗಳಲ್ಲಿ ನಗು ಹರಡಿತು. ಬೂಟಿಗೆ ನೀರು ಹೋಗಿದ್ದ ಆ ಇಂಜಿನಿಯರ್ ಪಕ್ಕದವನ ತೊಡೆ ತಟ್ಟಿದ. ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ರೀ, ನಿಮ್ಮ ತಜ್ಞರೇ ತಪ್ಪು ಮಾಡಿದೀನಿ ಅಂತ ಬರೆದಿದ್ದಾರೆ. ಹಾಗಾದ್ರೆ ಗುಡ್ಡದ ಬಗ್ಗೆ ಬರೆದಿರೋದು ತಪ್ಪಲ್ಲ ಅಂತ ನಾನು ಹೇಗ್ರೀ ನಂಬಲಿ?"

ನಾನು ಓದುವುದು ನಿಲ್ಲಿಸಿ ತಲೆಯೆತ್ತಿದೆ.

"ತಪ್ಪಿದ್ದಿದ್ರೆ ಅದನ್ನೂ ಅವರೇ ಬರೀತಿದ್ರು ಸಾರ್" ಎಂದೆ. ಅಧಿಕಾರಿ ಕನ್ನಡಕ ಮತ್ತೆ ಹಾಕಿಕೊಂಡು ಪೆನ್ನು ಎತ್ತಿಕೊಂಡರು. ಹಾಳೆ ತಿರುಗಿಸಿ ಗುಡ್ಡದ ಪುಟ ಓದತೊಡಗಿದೆ.