ಎರಡು ಮೇಟಿಯ ಕಣ

ಆ ರವಿವಾರ ಮುಂಜಾನೆ ಕಾಲೇಜಿನ ಟೆನಿಸ್ ಅಂಗಳ ನೋಡಿ ಹೌಹಾರಿದೆ. ಮೂರು ದಿನದ ಹಿಂದೆ ನಾನೇ ಎಳೆದ ಸುಣ್ಣದ ಗೆರೆ ಒಂದೂ ಕಾಣಲಿಲ್ಲ. ಈ ತುದಿಯಿಂದ ಆ ತುದಿಗೆ ತೊಗರಿ ಕಟ್ಟಿಗೆ, ಹೊಟ್ಟು. ನಡುವೆ ಕುಂಕುಮ ಹಚ್ಚಿದ ಕಾಳಿನ ರಾಶಿ. ಪಕ್ಕದಲ್ಲಿ ಮೊರ ಹಿಡಿದು ನನ್ನಕ್ಕ ಗುಂಡವ್ವ!

"ಏನ್ ಮಾಡಿದಿ ಅಕ್ಕಾ?"

"ನನ್ನ ಹೊಲಕ್ಕ ಹೊಂದಿ ಇಂಥಾ ಕಣ ಮಾಡಿಟ್ಟೀಯಲ್ಲೋ ತಮ್ಮಾ, ಖಾಲಿ ಬಿಡೂದಾ? ಆದ್ರ ಎರಡು ಮೇಟಿ ಯಾಕ ನೆಟ್ಟಿ? ಹುಚ್ಚ ಹಿಡದೈತೇನ್?"

ಬಲೆ ಕಟ್ಟುವ ಕಂಬಗಳನ್ನು ಅವಳು, ಎತ್ತು ಸುತ್ತಲು ಕಣದ ನಡುವೆ ನೆಡುವ ಮೇಟಿ ಎಂದುಕೊಂಡಿದ್ದಳು. ನಾನು ಇಂಡಿಗೆ ಮದುವೆಗೆ ಹೋಗಿದ್ದೆ, ಟೆನಿಸ್ ತಂಡ ಕೋಚ್ ಜೊತೆ ಬಾಗೇವಾಡಿಗೆ ಆಡಲು ಹೋಗಿತ್ತು. ಬೇಡ ಎನ್ನಲು ಯಾರೂ ಇರಲಿಲ್ಲ.

ತಪ್ಪು ಅವಳದೂ ಅಲ್ಲ. ಮೃಣಾಲಿನಿಬಾಯಿ ಇಂಡಿಯ ವೈಷ್ಣವರ ಮನೆಯವರು. ಪುಣೆಯಲ್ಲಿ ಮೂವತ್ತು ವರ್ಷ ಟೆನಿಸ್ ಕಲಿಸಿ, ಐವತ್ತೆಂಟನೆಯ ವಯಸ್ಸಿಗೆ ನಮ್ಮ ಸಿಂದಗಿ ಕಾಲೇಜಿಗೆ ಕೋಚ್ ಆಗಿ ಬಂದರು. ಬಂದ ದಿನವೇ ಒಡೆದ ಸಿಮೆಂಟ್ ನೆಲ ನೋಡಿ, ಮಾಲಿಯಾದ ನನ್ನನ್ನು ಕೇಳಿದರು: "ಸೋಮನಿಂಗಣ್ಣಾ, ಚೆಂಡು ಒಂದ ಸಮ ಪುಟಿಯೂವಂಥಾ ನೆಲ ಮಾಡಾಕ ಬರ್ತೈತೇನ್ರಿ?"

ಸಾಲಿ ಮೆಟ್ಟಿಲು ಹತ್ತದವನು ನಾನು. ಆದರೆ ಐವತ್ತು ವರ್ಷ ಕಣ ಮಾಡಿದ ಕೈ ಇದು. ಗರಸು ಮಣ್ಣು ಹಾಕಿ, ನೀರು ಕುಡಿಸಿ, ರೂಲು ಉರುಳಿಸಿ ಗಟ್ಟಿ ಮಾಡಿ, ಸೆಗಣಿ ಬಗ್ಗಡ ಬಳಿದೆ. ಕನ್ನಡಿಯಂಥ ಕಣವಾಯಿತು. ಕಣವೇ ಆಗಿಬಿಟ್ಟಿತ್ತು ಎನ್ನುವುದು ಅಂದು ತಿಳಿಯಿತು.

ಪ್ರಿನ್ಸಿಪಾಲ ಬಸವಂತರಾಯರು ಬಾಯಿಯವರಿಗೆ ಮೊದಲೇ ಹೇಳಿದ್ದರು: "ರವಿವಾರ ಮುದ್ದೇಬಿಹಾಳದವರು ಬರ್ತಾರ. ಪಂದ್ಯ ಆದ್ರ ನಿಮ್ಮ ನೌಕರಿ ಕಾಯಂ. ಆಗಲಿಲ್ಲಂದ್ರ ತಂಡನೂ ಇಲ್ಲ, ಕೋಚೂ ಇಲ್ಲ."

ಪೂಜೆಯಾದ ರಾಶಿಯನ್ನು ಅಳೆಯದೆ ಕದಲಿಸುವ ಹಾಗಿಲ್ಲ. ಅಳೆಯಲು ನಮ್ಮಿಬ್ಬರಿಗೆ ಸಂಜೆಯಾಗುತ್ತದೆ. ಬಾಯಿಯವರು ತಂಡದ ಆರು ಹುಡುಗಿಯರೊಡನೆ ಬಂದು ಅಂಗಳದ ಅಂಚಿನಲ್ಲಿ ನಿಂತರು. ಮುಖ ಬಿಳಿಚಿತು. ಬೈಯುತ್ತಾರೆ ಎಂದುಕೊಂಡೆ. ಅವರು ಬಗ್ಗಿ ಬೂಟು ಬಿಚ್ಚಿದರು.

"ಅಕ್ಕಾರ, ಪೂಜಿ ಆಗೇತೇನ್ರಿ?"

"ಆಗೇತಿ. ಅಳಿಯೂತನಾ ಮುಟ್ಟಂಗಿಲ್ಲ ನೋಡವಾ."

"ಹಂಗಾರ ಸೇರು ಕೊಡ್ರಿ."

ಮಂಡಿಯೂರಿ ಕೂತು ಮೊದಲ ಸೇರು ಚೀಲಕ್ಕೆ ಸುರಿದರು. ಒಂದು ಎನ್ನಲಿಲ್ಲ. "ಲಾಭ!" ಎಂದರು. ನಮ್ಮ ಕಣದಲ್ಲಿ ಮೊದಲ ಸೇರನ್ನು ಹಾಗೇ ಎಣಿಸಬೇಕು. ಗುಂಡವ್ವನ ಕೈಯಿಂದ ಮೊರ ಜಾರಿತು.

"ಪುಣೇದಾಕಿಗೆ ಇದ್ಯಾರು ಕಲಿಸಿದ್ರವಾ?"

"ಇಂಡ್ಯಾಗ ನಮ್ಮಪ್ಪಂದೂ ಹೊಲ ಇತ್ರಿ. ಅಳಿಯಾಕ ನಾನ ಕೂಡ್ತಿದ್ನಿ."

ಅವರು ಅಳೆದರು. ಇಬ್ಬರು ಹುಡುಗಿಯರು ಚೀಲ ಹಿಡಿದರು, ಉಳಿದವರು ಕಟ್ಟಿಗೆ ಹೊತ್ತರು. ಹತ್ತು ಗಂಟೆಗೆ ಬಸ್ಸಿನಿಂದ ಇಳಿದ ಮುದ್ದೇಬಿಹಾಳದ ಹುಡುಗಿಯರು ಬೆರಗಾಗಿ ನೋಡಿ, ತಾವೂ ಕಸಬರಿಗೆ ಹಿಡಿದರು. ಪ್ರಿನ್ಸಿಪಾಲರು ಬಂದಾಗ ಕೋಚ್ ತಲೆತುಂಬ ಹೊಟ್ಟು ಹೊತ್ತು ದಬ್ಬಣದಿಂದ ಚೀಲದ ಬಾಯಿ ಹೊಲಿಯುತ್ತಿದ್ದರು.

"ಏನ್ರಿ ಇದು? ಪಂದ್ಯ ಎಲ್ಲೈತಿ?"

"ಇದೊಂದು ಚೀಲ ಹೊಲದ್ರ ಶುರು ರಿ."

ಗೆರೆ ಎಳೆದೆ. ಅಷ್ಟರಲ್ಲಿ ಗುಂಡವ್ವ ಅಡ್ಡ ನಿಂತಳು: "ರಾಶಿ ಕಂಡ ಕಣ ಇದು. ಇವತ್ತ ಕಾಲಾಗ ಮೆಟ್ಟು ಇಟಗೊಂಡು ಯಾರೂ ಇಳಿಯಂಗಿಲ್ಲ."

ಎರಡೂ ತಂಡ ಬರಿಗಾಲಲ್ಲಿ ಇಳಿದವು. ತೊಗರಿ ಬಡಿದ ಬಡಿಗೆ ಏಟಿಗೆ ನೆಲ ಕಿತ್ತಿರುತ್ತದೆ ಎಂದುಕೊಂಡಿದ್ದೆ. ಆದರೆ ಚೆಂಡು ಎಲ್ಲಿ ಬಿದ್ದರೂ ಒಂದೇ ಎತ್ತರ ಪುಟಿಯಿತು. ನನ್ನ ಕಣ್ಣನ್ನೇ ನಂಬಲಾಗಲಿಲ್ಲ.

ನಮ್ಮವರು ಸೋತರು.

"ಸೋತ್ರಲ್ಲ ಬಾಯಾರ," ಎಂದರು ಪ್ರಿನ್ಸಿಪಾಲರು.

"ಪಂದ್ಯ ಆತಲ್ರಿ ಸರ."

ರಾಯರು ಇನ್ನೂ ಗಾಬರಿಯಲ್ಲೇ ಇದ್ದರು. ಅಲ್ಲೇ ತೊಗರಿ ಚೀಲದ ಮೇಲೆ ನೌಕರಿ ಕಾಯಂ ಮಾಡುವ ಕಾಗದ ಇಟ್ಟು ಸಹಿ ಹಾಕಿದರು.

ಗುಂಡವ್ವ ಮೆಲ್ಲಗೆ ಕೇಳಿದಳು: "ಮುಂದಿನ ಸಲ ಇಲ್ಲಿ ರಾಶಿ ಹಾಕೂದು ಬ್ಯಾಡೇನವಾ?"

"ಹಾಕ್ರಿ ಅಕ್ಕಾರ. ಮೊದಲ ನನಗ ಒಂದು ಮಾತು ಹೇಳ್ರಿ, ಕಂಬದ ಬಲಿ ಬಿಚ್ಚಿ ಕೊಡ್ತೇನಿ."