ವ್ಯಾನ್ ಹರಾಜಿನಲ್ಲಿ ನನ್ನ ಪಾಲು

ಸ್ನೇಹಿತರೇ, ನನ್ನ ವ್ಯಾನ್ ಹರಾಜಾದ ದುಡ್ಡಿನಲ್ಲಿ ನನ್ನ ಪಾಲು ತರಲು ಇವತ್ತು ಹೊನ್ನಾಳಿಯ ಗ್ಯಾರೇಜಿಗೆ ಹೋಗಿದ್ದೆ. ರಿಪೇರಿಗೆ ಬಿಟ್ಟವನು ಎರಡು ವರ್ಷ ಅತ್ತ ತಲೆ ಹಾಕಿರಲಿಲ್ಲ. ನೋಟಿಸುಗಳಿಗೂ ಉತ್ತರಿಸಿರಲಿಲ್ಲ. ತಪ್ಪು ನನ್ನದೇ.

ಗ್ಯಾರೇಜಿನವರು ವಿವರಿಸಿದರು: “ಮೊದ್ಲು ಹರಾಜಿನ ಖರ್ಚು ರೀ. ಆಮೇಲೆ ನನ್ನ ರಿಪೇರಿ ಬಿಲ್ಲು. ಆಮೇಲೆ ನಿಮಗೆ ಸಾಲ ಕೊಟ್ಟ ಫೈನಾನ್ಸಿನೋರು. ಉಳಿದಿದ್ದೆಲ್ಲಾ ನಿಮ್ದೇ!”

ಉಳಿದದ್ದು ನೂರ ಹತ್ತು ರೂಪಾಯಿ.

“ಇಷ್ಟೇನಾ?”

“ಸಾಲಿನಾಗೆ ನೀವೇ ಕಡೇಗಿದ್ರಿ, ಏನು ಮಾಡಾಕಾಗ್ತೈತೆ?”

ಸಹಿ ಹಾಕಿ ಹೊರಬಂದೆ. ನಮ್ಮೂರು ನ್ಯಾಮತಿಯ ಬಸ್ಸು ಆಗಲೇ ಹೋಗಿತ್ತು. ಅಷ್ಟರಲ್ಲಿ ಒಂದು ವ್ಯಾನ್ ಬಂದು ನಿಂತಿತು. ನನ್ನದೇ! ಅದನ್ನು ಹರಾಜಿನಲ್ಲಿ ಕೊಂಡವನೇ ಓಡಿಸುತ್ತಿದ್ದ.

“ನ್ಯಾಮತಿಗೆ ಮೂವತ್ತು ರೂಪಾಯಿ. ಮುಂದೆ ಕೂತ್ಕಳ್ರಿ,” ಎಂದ.

ನಾನು ಹಿಂದೆಯೇ ಕುಳಿತೆ. ಡ್ರೈವರ್ ಇರುವಾಗ ಮಾಲೀಕರು ಹಿಂದೆ ಕೂರುವುದೇ ಲಕ್ಷಣ.