ಟರ್ಬೊ ಕಾರೂ ಅತ್ತೆಯ ಮೊಣಕಾಲೂ

ನಮ್ಮ ಮನೆಯಲ್ಲಿ ಯಾರಿಗೂ ಏನೂ ಬೇಕಾಗಿಲ್ಲ. ಗೋಡೆಯ ಮುಕ್ಕಾಲು ಭಾಗ ನುಂಗಿದ ಟಿವಿ ತಂದದ್ದು ಅತ್ತೆಗೆ ಧಾರಾವಾಹಿ ಸರಿಯಾಗಿ ಕಾಣಲಿ ಎಂದು. ಅದರಲ್ಲಿ ಇವತ್ತಿಗೂ ಓಡುವುದು ನನ್ನ ಗಂಡನ ಕ್ರಿಕೆಟ್. ಹಾಲ್‌ಗೆ ಎ.ಸಿ. ಹಾಕಿಸಿದ್ದು ಗಲ್ಫಿನಲ್ಲಿರುವ ಭಾವ, ಅಂದರೆ ಗಂಡನ ಅಣ್ಣ, ರಜೆಗೆ ಬಂದಾಗ ಸೆಕೆಯಲ್ಲಿ ಬೇಯಬಾರದೆಂದು. ಭಾವ ವರ್ಷಕ್ಕೊಮ್ಮೆ ಬಂದು ಅದರ ಕೆಳಗೆ ಕೂತು, ಅಲ್ಲಿಯ ಎ.ಸಿ. ಇದಕ್ಕಿಂತ ತಂಪು ಎಂದು ಹೇಳಿ ಹೋಗುತ್ತಾರೆ. ಉಳಿದ ಹನ್ನೊಂದು ತಿಂಗಳು ಅದರ ಕೆಳಗೆ ಮಲಗುವವರು ಯಾರೆಂದು ನಾನು ಹೇಳಬೇಕಾಗಿಲ್ಲ. ‘ನನಗೆ ಬೇಕು’ ಎಂಬ ಮಾತು ನಮ್ಮಲ್ಲಿ ಬಾಯಿಂದ ಹೊರಗೆ ಬರುವಂಥದ್ದಲ್ಲ. ಏನಾದರೂ ಬೇಕಿದ್ದರೆ, ಮೊದಲು ಅದು ಬೇಕಾಗಿರುವ ಇನ್ನೊಬ್ಬರನ್ನು ಮನೆಯೊಳಗೇ ಹುಡುಕಿಕೊಳ್ಳಬೇಕು.

ಇಂಥ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ಅನ್ನಕ್ಕೆ ಸಾರು ಕಲಸುತ್ತಾ, “ನನಗೊಂದು ಕಾರು ಬೇಕು” ಎಂದುಬಿಟ್ಟೆ.

ಗಂಡ ತಲೆ ಎತ್ತಿದರು. “ಕಾರು ಉಂಟಲ್ಲ?”

“ಅದಲ್ಲ. ಟರ್ಬೊ ಇಂಜಿನಿಂದು. ಸೆಡಾನ್. ಕೆಂಪು.”

ಕೆಂಪು ಎಂದದ್ದು ಸ್ವಲ್ಪ ಹೆಚ್ಚಾಯಿತೇನೋ. ಹೇಳಿಯಾಗಿತ್ತು.

ನನ್ನ ಕೆಲಸ ಊರವರ ರಕ್ತ ತೆಗೆಯುವುದು. ಮೂಡುಬಿದಿರೆಯಲ್ಲಿ ನನ್ನದೊಂದು ಚಿಕ್ಕ ಲ್ಯಾಬ್ ಇದೆ. ಮನೆ ಪಾಣೆಮಂಗಳೂರಿನಲ್ಲಿ, ಗಂಡನ ಹಾರ್ಡ್‌ವೇರ್ ಅಂಗಡಿಯೂ ಅಲ್ಲಿಯೇ. ನನ್ನ ಗಿರಾಕಿಗಳು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಬಾಗಿಲಿನ ಮುಂದೆ ನಿಂತಿರುತ್ತಾರೆ. ಚಾ ಕುಡಿಯದ ಮನುಷ್ಯನ ಸಿಟ್ಟು ಹೇಗಿರುತ್ತದೆಂದು ಗೊತ್ತಿಲ್ಲದವರು ಒಮ್ಮೆ ನನ್ನ ಲ್ಯಾಬಿಗೆ ಬಂದು ನೋಡಬಹುದು. ನಾನು ಬಂಟ್ವಾಳ ದಾಟಿ ಸಿದ್ದಕಟ್ಟೆಯ ಕಡೆಗೆ ತಿರುಗಿದೆನೋ ಇಲ್ಲವೋ, ಮುಂದೆ ಕೆಂಪುಕಲ್ಲಿನ ಲಾರಿಯೊಂದು ಏದುಸಿರು ಬಿಡುತ್ತಾ ಏರು ಹತ್ತುತ್ತಿರುತ್ತದೆ. ನನ್ನ ಹಳೆಯ ಸಣ್ಣ ಕಾರಿನಲ್ಲಿ ಅದನ್ನು ಹಿಂದೆ ಹಾಕಬೇಕಾದರೆ ಎ.ಸಿ. ಬಂದ್ ಮಾಡಬೇಕು, ಗೇರು ಇಳಿಸಬೇಕು, ಕುಲದೇವರನ್ನು ನೆನೆಯಬೇಕು. ಇಷ್ಟೆಲ್ಲ ಆಗುವುದರೊಳಗೆ ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ ಬಸ್ಸು ನನ್ನನ್ನೂ ಲಾರಿಯನ್ನೂ ಒಟ್ಟಿಗೆ ದಾಟಿ ಹೋಗಿರುತ್ತದೆ, ಕಂಡಕ್ಟರ್ ಕಿಟಕಿಯಿಂದ ನನ್ನನ್ನು ನೋಡಿ ನಗುತ್ತಿರುತ್ತಾನೆ. ಆ ನಗುವನ್ನು ನಾನು ವರ್ಷಗಟ್ಟಲೆ ಸಹಿಸಿದ್ದೇನೆ. ಕಾರಿಗೆ ಕೊಡುವ ಹಣ ನನ್ನ ದುಡಿಮೆಯದ್ದು. ಕೇಳಬೇಕಾದ ಅಗತ್ಯವೂ ಇರಲಿಲ್ಲ, ಆದರೂ ಕೇಳಿದೆ.

ನಮ್ಮ ಮನೆಯಲ್ಲಿ ಯಾರೂ ‘ಬೇಡ’ ಎನ್ನುವುದಿಲ್ಲ. ಅದು ಒರಟಾಗುತ್ತದೆ. ಗಂಡ ಒಂದು ತುತ್ತು ನುಂಗಿ, ನೀರು ಕುಡಿದು, ಮೆತ್ತಗೆ ಕೇಳಿದರು: “ಅಷ್ಟು ತಗ್ಗು ಕಾರಿಗೆ ಅಮ್ಮನ ಮೊಣಕಾಲು...?”

ಅತ್ತೆಯ ಮೊಣಕಾಲಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅದಕ್ಕೆ ನೋವಿರುವುದು ನಿಜ. ಆದರೆ ಅದು ಬರೇ ಮೊಣಕಾಲಾಗಿ ಉಳಿದಿಲ್ಲ, ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡಿದೆ. ಮಹಡಿ ಕಟ್ಟಿಸುವುದನ್ನು ನಿಲ್ಲಿಸಿದ್ದು ಅದು. ಬೇಡದ ಸಂಬಂಧಿಕರ ಗೃಹಪ್ರವೇಶಗಳನ್ನೆಲ್ಲ ತಪ್ಪಿಸಿದ್ದು ಅದು. ಚಾರ್ಮಾಡಿಯಲ್ಲಿರುವ ಅತ್ತೆಯ ತಂಗಿಯ ಮನೆಗೆ ಹೋಗದೆ ಬಹಳ ಕಾಲವಾಯಿತು. ಅದೂ ಮೊಣಕಾಲಿನ ತೀರ್ಮಾನವೇ, ಏಕೆಂದರೆ ಭಾನುವಾರ ಅಷ್ಟು ದೂರ ಕಾರು ಓಡಿಸಲು ನನ್ನ ಗಂಡನಿಗೆ ಉದಾಸೀನ. ಇಷ್ಟೆಲ್ಲ ನಡೆಯುವಾಗ ಮೊಣಕಾಲಿನ ಒಡತಿ ಚಾವಡಿಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ. ಅವರನ್ನು ಯಾರೂ ಒಂದು ಮಾತು ಕೇಳಿದ್ದನ್ನು ನಾನು ನೋಡಿಲ್ಲ.

ಮರುದಿನದಿಂದ ಸುದ್ದಿ ಊರಿಗೆ ಹರಡಿತು. ಗಂಡನ ಅಂಗಡಿಗೆ ಮೊಳೆ ಕೊಳ್ಳಲು ಬಂದವರು, ಪೈಪಿಗೆ ಬಂದವರು, ಚಿಲ್ಲರೆ ಕೇಳಲು ಬಂದವರು, ಎಲ್ಲರದ್ದೂ ಒಂದೇ ಪ್ರಶ್ನೆ: “ಅಡಿ ತಾಗ್ತದಾ?” ನನ್ನ ಲ್ಯಾಬಿನಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತ ಅಜ್ಜರೊಬ್ಬರು, ಸೂಜಿ ಚುಚ್ಚುವ ಮೊದಲು ಕಣ್ಣು ಮುಚ್ಚಿ, “ಅಡಿ ತಾಗ್ತದಂತೆ, ಹೌದಾ ಅಕ್ಕಾ?” ಎಂದರು. ಅವರಿಗೆ ಕಾರಿಲ್ಲ, ಲೈಸೆನ್ಸೂ ಇಲ್ಲ. ನಮ್ಮ ಕಡೆಯಲ್ಲಿ ಕಾರಿನ ಇಂಜಿನ್ ಎಷ್ಟು ದೊಡ್ಡದು, ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ನೋಡುವುದು ಅದರ ಹೊಟ್ಟೆಯನ್ನು, ಹಂಪಿಗೆ ಉಜ್ಜುತ್ತದೋ ಎಂದು.

ನ್ಯಾಯವಾಗಿ ಹೇಳಬೇಕೆಂದರೆ, ನಾನೂ ತೂಗಿ ನೋಡಿದೆ. ಆ ಕಾರು ಪೆಟ್ರೋಲು ಕುಡಿಯುತ್ತದೆ, ಅದರಲ್ಲೂ ಬಿ.ಸಿ. ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ. ಟಯರು ತೆಳ್ಳಗೆ, ಮಳೆಗಾಲದ ಹೊಂಡಕ್ಕೆ ಬಿದ್ದರೆ ಸೊಂಟಕ್ಕೆ ಪೆಟ್ಟು. ಅಡಿಯೂ ತಾಗುತ್ತದೆ, ಸುಳ್ಳಲ್ಲ. ಆದರೆ ಡಿಕ್ಕಿ ದೊಡ್ಡದು, ಸ್ಯಾಂಪಲ್ಲಿನ ಐಸ್ ಪೆಟ್ಟಿಗೆ ಆರಾಮಾಗಿ ಕೂರುತ್ತದೆ. ಗೇರು ತಾನೇ ಬದಲಾಗುತ್ತದೆ, ನನ್ನ ಎಡಗಾಲಿಗೆ ರಜೆ. ಮತ್ತೆ ಆ ಟರ್ಬೊ. ಕಾಲು ಒತ್ತಿದ ಕೂಡಲೇ ಓಡುವುದಿಲ್ಲ, ಒಂದು ಗಳಿಗೆ ಯೋಚಿಸುತ್ತದೆ, ಆಮೇಲೆ ಹೊರಡುತ್ತದೆ. ಯೋಚಿಸುವ ಮಟ್ಟಿಗೆ ಅದು ನನ್ನ ಗಂಡನ ಹಾಗೆಯೇ. ಹೊರಡುವ ವಿಷಯದಲ್ಲಿ ಹೋಲಿಕೆ ಇಲ್ಲ.

ಭಾವ ವಿಡಿಯೋ ಕರೆ ಮಾಡಿದರು. ಅವರು ಆ ಕಡೆ ಅಗಲವಾದ, ಹೊಂಡವೇ ಇಲ್ಲದ ರಸ್ತೆಯಲ್ಲಿ ಆಳೆತ್ತರದ ಎಸ್‌ಯುವಿ ಓಡಿಸುವವರು. “ಹೈಟ್ ಬೇಕು, ಹೈಟ್” ಎಂದರು. “ಅಮ್ಮ ಆರಾಮಾಗಿ ಕೂತ್ಕೊಳ್ಳಬೇಕು. ನಿಂಗೆ ಎಂತಕ್ಕೆ ಅಷ್ಟು ಸ್ಪೀಡು?” ಗಂಡ ಅಣ್ಣನ ಮಾತಿಗೆ ತಲೆಯಾಡಿಸಿದರು. ಎಸ್‌ಯುವಿ ಗಂಡನಿಗೆ ಎಷ್ಟು ಬೇಕಾಗಿದೆ ಎಂದು ಅವರ ಫೋನಿನಲ್ಲಿ ಓಡುತ್ತಿದ್ದ ವಿಡಿಯೋಗಳೇ ಹೇಳುತ್ತಿದ್ದವು. ಬಾಯಲ್ಲಿ ಮಾತ್ರ ಅಮ್ಮನ ಮೊಣಕಾಲು. ನನಗೆ ಮೈಯೆಲ್ಲ ಉರಿಯಿತು. ನನಗೆ ಬೇಕೆಂದು ಹೇಳಿದ ಒಂದೇ ಒಂದು ವಸ್ತು, ಅದನ್ನು ಯಾರೂ ಬೇಡವೆನ್ನದೆಯೇ ನನ್ನ ಕೈಯಿಂದ ಮೆತ್ತಗೆ ಬಿಡಿಸಿಕೊಳ್ಳುತ್ತಿದ್ದರು.

ಮೊದಲು ಬಂದದ್ದು ಗಂಡನ ಎಸ್‌ಯುವಿಯೇ, ಟೆಸ್ಟ್ ಡ್ರೈವಿಗೆಂದು. ಅಂಗಳದಲ್ಲಿ ನಿಂತಾಗ ಅದರ ಮೆಟ್ಟಿಲು ಅತ್ತೆಯ ಮಂಡಿಯ ಮಟ್ಟಕ್ಕೆ ಬರುತ್ತಿತ್ತು. ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟರು. ಗಂಡ ಹಿಂದಿನಿಂದ ನೂಕಿದರು, ಶೋರೂಮಿನವರು ಮೇಲಿನಿಂದ ಎಳೆದರು, ಅತ್ತೆ ನಡುವಿನಲ್ಲಿ ಅಕ್ಕಿಮುಡಿಯಂತೆ ಮೇಲೇರಿದರು. ಒಳಗೆ ಕೂತು ಸೆರಗು ಸರಿಪಡಿಸಿಕೊಂಡರು. “ಕೂತ ಮೇಲೆ ಎಷ್ಟು ಆರಾಮ ನೋಡಿ” ಎಂದರು ಗಂಡ. ಅತ್ತೆ ಕಿಟಕಿಯ ಆಚೆಗೆ ನೋಡುತ್ತಿದ್ದರು.

ಮುಂದಿನ ಭಾನುವಾರ ನನ್ನ ಸರದಿ. ಕೆಂಪು ಸೆಡಾನ್ ತಂದವರು ಬೆಂಗಳೂರಿನಿಂದ ಹೊಸತಾಗಿ ವರ್ಗವಾಗಿ ಬಂದ ಸೇಲ್ಸ್‌ನವರು. “ಮೇಡಂ, ಒಂದ್ಸಲ ಓಡ್ಸಿ ನೋಡಿ, ಆಮೇಲೆ ನೀವೇ ಹೇಳ್ತೀರ” ಎಂದು ಕೀಲಿ ಕೊಟ್ಟರು. ಅವರ ಲೆಕ್ಕದಲ್ಲಿ ಟೆಸ್ಟ್ ಡ್ರೈವ್ ಎಂದರೆ ಓಡಿಸುವವಳು ಮತ್ತು ಅವರು. ನಮ್ಮಲ್ಲಿ ಅಂಗಳದಿಂದ ಖಾಲಿ ಸೀಟಿನ ಕಾರು ಹೊರಗೆ ಹೋಗುವ ಕ್ರಮವೇ ಇಲ್ಲ. ಗಂಡ ಆಗಲೇ ಅತ್ತೆಯ ಕೈಹಿಡಿದು ಕರೆತಂದಿದ್ದರು, ಕೋರ್ಟಿಗೆ ಸಾಕ್ಷಿ ಕರೆತಂದ ಹಾಗೆ. ಪ್ಲಾಸ್ಟಿಕ್ ಸ್ಟೂಲೂ ಬಂದಿತ್ತು, ಏಕೆಂದು ದೇವರಿಗೇ ಗೊತ್ತು.

ಅತ್ತೆ ಮುಂದಿನ ಬಾಗಿಲು ತೆರೆಯಲು ಹೇಳಿದರು. ಕಾರಿಗೆ ಬೆನ್ನು ಹಾಕಿ ನಿಂತರು. ಮೆಲ್ಲನೆ ಕೂತರು. ಆಮೇಲೆ ಒಂದು ಕಾಲು, ಕೈಯಿಂದ ಎತ್ತಿ ಇನ್ನೊಂದು ಕಾಲು. ಯಾರೂ ಅವರನ್ನು ಮುಟ್ಟಲಿಲ್ಲ. ಗಂಡ ಸ್ಟೂಲು ಹಿಡಿದು ನಿಂತೇ ಇದ್ದರು.

“ಕೂರುವುದು ದೊಡ್ಡದಲ್ಲ ಅಮ್ಮ, ಏಳುವುದು ಹೇಗೆ?” ಎಂದರು.

“ಏಳುವುದು ಆಮೇಲೆ ನೋಡುವ. ಈಗ ಹೋಗುವ” ಎಂದರು ಅತ್ತೆ.

ಗಂಡ ಆರಡಿಯ ಮನುಷ್ಯ. ಹಿಂದಿನ ಸೀಟಿನಲ್ಲಿ ಸೇಲ್ಸ್‌ನವರ ಪಕ್ಕ ಕೂತಾಗ ತಲೆ ಮಾಡಿಗೆ ತಾಗಿತು, ಮೊಣಕಾಲು ಗಲ್ಲದ ಹತ್ತಿರ ಬಂತು. ದಾರಿಯುದ್ದಕ್ಕೂ ನಿಜವಾಗಿ ಕಷ್ಟಪಟ್ಟ ಮೊಣಕಾಲು ಅದೊಂದೇ, ಆದರೆ ಅದರ ಬಗ್ಗೆ ಯಾರೂ ವಿಚಾರಿಸಲಿಲ್ಲ.

ಸಿದ್ದಕಟ್ಟೆಯ ದಾರಿ ಹಿಡಿದೆ. ಭಾನುವಾರವೂ ಕೆಂಪುಕಲ್ಲಿನ ಲಾರಿ ಇತ್ತು. ಅಭ್ಯಾಸಬಲ, ಅದರ ಹಿಂದೆ ಹೋಗಿ ಸೇರಿ, ಅದರ ಹೊಗೆಗೆ ಕಿಟಕಿ ಮುಚ್ಚಿ, ಸುಮ್ಮನೆ ಹಿಂಬಾಲಿಸಿದೆ. ತಿರುವು ಮುಗಿದು ದಾರಿ ನೇರವಾಯಿತು. ಎದುರಿನಿಂದ ಏನೂ ಬರುತ್ತಿರಲಿಲ್ಲ. ಆದರೂ ನಾನು ಹಿಂದೆಯೇ.

“ಎಂತ ಕಾಯ್ತಾ ಇದ್ದಿ?” ಅತ್ತೆಯ ಧ್ವನಿ.

ಕಾಲು ಒತ್ತಿದೆ. ಕಾರು ಒಂದು ಗಳಿಗೆ ಯೋಚಿಸಿತು. ಆಮೇಲೆ ಬೆನ್ನನ್ನು ಸೀಟಿಗೆ ಒತ್ತಿ ಹಿಡಿದು ಹೊರಟಿತು. ಲಾರಿ ಎಲ್ಲಿ ಹೋಯಿತೋ ನೋಡುವಷ್ಟರಲ್ಲಿ ಕನ್ನಡಿಯೊಳಗೆ ಸಣ್ಣದಾಗಿತ್ತು. ಪಕ್ಕದಲ್ಲಿ ಏನೋ ಸದ್ದು ಕೇಳಿಸಿ ಗಾಬರಿಯಾಗಿ ನೋಡಿದೆ. ಅತ್ತೆ ನಗುತ್ತಿದ್ದರು. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಹಲ್ಲುಸೆಟ್ಟು ಕಾಣುವ ಹಾಗೆ ನಗುತ್ತಿದ್ದರು. ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ಅವರ ಆ ನಗು ನಾನು ನೋಡಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣು ಮಂಜಾಗಿ ವೇಗ ಇಳಿಸಬೇಕಾಯಿತು.

ಆಮೇಲೆ ಶಾಲೆಯ ಮುಂದಿನ ಹಂಪ್ ಬಂತು. ನಮ್ಮ ಊರಿನ ಹಂಪ್‌ಗಳು ಸಣ್ಣ ಗುಡ್ಡಗಳೇ. ಅಡ್ಡಡ್ಡ ಹತ್ತಿಸಿದೆ, ಉಸಿರು ಹಿಡಿದೆ. ಕರ್ರ್ ಎಂದು ಸದ್ದಾಯಿತು.

“ತಾಗಿತು” ಎಂದರು ಗಂಡ. ಮಗ ಪಾಸಾದ ಸುದ್ದಿ ಹೇಳುವ ಧ್ವನಿ. “ನಾನು ಹೇಳ್ಲಿಲ್ವಾ? ಅಡಿ ತಾಗಿತು.”

ಅತ್ತೆ ಹಿಂದೆ ತಿರುಗಲಿಲ್ಲ. “ನೀನು ಇಳಿದರೆ ತಾಗ್ಲಿಕ್ಕಿಲ್ಲ” ಎಂದರು.

ಮುಂದಿನ ಹಂಪಿನ ಹತ್ತಿರ ಕಾರು ನಿಲ್ಲಿಸಿದೆ. ಗಂಡನೂ ಟೈ ಕಟ್ಟಿದ ಸೇಲ್ಸ್‌ನವರೂ ಇಳಿದರು. ಕಾರು ಸದ್ದಿಲ್ಲದೆ ಹಂಪ್ ದಾಟಿತು. ಇಬ್ಬರೂ ಹಿಂದಿನಿಂದ ನಡೆದು ಬಂದು ಹತ್ತಿದರು. ಬಸ್ ಸ್ಟ್ಯಾಂಡಿನಲ್ಲಿ ಕೂತವರೆಲ್ಲ ಇದನ್ನು ಸರಿಯಾಗಿ ನೋಡಿದ್ದಾರೆ ಎಂಬುದು ಮರುದಿನ ಅಂಗಡಿಯಲ್ಲಿ ತಿಳಿಯಿತು.

ಮನೆಗೆ ಬಂದೆವು. ಇನ್ನು ಏಳುವುದು. ಗಂಡ ಬಾಗಿಲ ಬಳಿ ಬಂದು ಕೈಕಟ್ಟಿ ನಿಂತರು. ಅತ್ತೆ ಕಾಲು ಹೊರಗಿಟ್ಟರು, ಬಾಗಿಲು ಹಿಡಿದು ಏಳಲು ನೋಡಿದರು, ಆಗಲಿಲ್ಲ. ಮತ್ತೆ ಪ್ರಯತ್ನಿಸಿದರು. ನೋವಿಗೆ ಮುಖ ಕಿವುಚಿ ಸೀಟಿಗೇ ಕುಸಿದರು. ಕಾರು ಹೋಯಿತು ಎಂದುಕೊಂಡೆ.

ಅತ್ತೆ ಕೈ ಚಾಚಿದರು. ಮಗನ ಕಡೆಗಲ್ಲ, ನನ್ನ ಕಡೆಗೆ. ಎಳೆದೆ. ಎದ್ದು ನಿಂತು ಸೀರೆ ಕೊಡವಿಕೊಂಡರು.

“ನೋಡಿದಿರಾ ಅಮ್ಮ, ಎಷ್ಟು ಕಷ್ಟ ಅಂತ” ಎಂದರು ಗಂಡ.

“ದಿನಾ ಕುರ್ಚಿಯಿಂದ ಏಳಿಸುವುದು ಯಾರು? ಇವಳೇ ಅಲ್ವಾ?” ಎಂದರು ಅತ್ತೆ. “ನೋವು ಉಂಟು. ಅದು ನನ್ನ ಕಾಲಿನದ್ದು, ನಾನು ನೋಡಿಕೊಳ್ತೇನೆ. ನಿನಗೆ ಬೇಡದ್ದಕ್ಕೆಲ್ಲ ಅದರ ಹೆಸರು ಹೇಳುವುದು ಸಾಕು ಮಾರಾಯ.”

ಸೇಲ್ಸ್‌ನವರು ಕಾರಿನ ಗಾಜು ಒರೆಸಲು ಶುರುಮಾಡಿದರು. ಗಂಡ ಸ್ಟೂಲನ್ನು ಬಚ್ಚಲಿಗೆ ಒಯ್ದಿಟ್ಟು ಬಂದರು.

ಕಾರು ಬಂತು. ಪೊಳಲಿಯ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟು ಹಾಯಿಸಿ, ಅಲ್ಲಿಂದಲೇ ನಾನೂ ಅತ್ತೆಯೂ ಚಾರ್ಮಾಡಿಗೆ ಹೋದೆವು. ಬೆಳ್ತಂಗಡಿಯ ತನಕ ಅತ್ತೆ ಪ್ರತಿ ಬಸ್ಸನ್ನೂ ನನಗೆ ತೋರಿಸಿಕೊಟ್ಟರು. ಕೆಲವನ್ನು ದಾಟಿದೆ, ಕೆಲವಕ್ಕೆ ದಾರಿ ಬಿಟ್ಟೆ. ತಂಗಿಯ ಮನೆಯ ಅಂಗಳದಲ್ಲಿ ಅಕ್ಕತಂಗಿ ಇಬ್ಬರೂ ಕೈಹಿಡಿದು ಅತ್ತರು. ಆಮೇಲೆ ತಂಗಿ ಕಣ್ಣೊರೆಸಿಕೊಂಡು ಬಗ್ಗಿ ಕಾರಿನ ಕೆಳಗೆ ನೋಡಿದರು.

ವಾರದೊಳಗೆ ಮನೆಗೆ ನೆಂಟರು ಬಂದರು, ಕಾರು ನೋಡಲೆಂದೇ. ನಾನು ಚಾ ತಂದಿಡುವಾಗ ಗಂಡ ಚಾವಡಿಯಲ್ಲಿ ನಿಂತು ವಿವರಿಸುತ್ತಿದ್ದರು: “ಅಮ್ಮನ ಮೊಣಕಾಲಿಗೆ ಅಂತಲೇ ತೆಗೆದದ್ದು. ಎತ್ತರದ ಗಾಡಿಗೆ ಅವರನ್ನು ಎತ್ತಿ ಹಾಕಬೇಕು. ಇದಾದರೆ ತಾವೇ ಕೂತ್ಕೊಳ್ತಾರೆ.” ನೆಂಟರು ಎಂಥ ಮಗ ಎಂಬಂತೆ ತಲೆದೂಗಿದರು. ಚಾದ ಬಟ್ಟಲುಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟೆ. ಕಾರು ಅಂಗಳದಲ್ಲೇ ಇತ್ತು, ಕೀಲಿ ನನ್ನ ಸೊಂಟದಲ್ಲೇ ಇತ್ತು, ಆದರೂ ಕಾರು ನನ್ನ ಕೈಬಿಟ್ಟು ಹೋಯಿತು ಎನಿಸಿತು.

ಅತ್ತೆ ಕುರ್ಚಿಯಲ್ಲಿ ಕೂತೇ ಚಾ ಬಟ್ಟಲು ತೆಗೆದುಕೊಂಡರು. ಒಂದು ಗುಟುಕು ಕುಡಿದರು.

“ನನ್ನ ಕಾಲಿಗಲ್ಲ” ಎಂದರು. “ಅವಳಿಗೆ ಬೇಕಿತ್ತು. ತೆಗೆದಳು.”

ಇಂಥ ಕಾರಣಕ್ಕೂ ಒಂದು ವಸ್ತು ಮನೆಗೆ ಬರಬಹುದು ಎಂದು ನೆಂಟರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಮೊದಲ ಬಾರಿಗೆ ನನ್ನ ಮುಖ ನೋಡಿ ಕೇಳಿದರು:

“ಅಡಿ ತಾಗ್ತದಾ?”

“ತಾಗ್ತದೆ” ಎಂದೆ.